ಟೆಂಟಿನ ಸಿನಿಮಾ, ಗಿರಿಜಕ್ಕನ ಅಭಿಪ್ರಾಯ

ಟೆಂಟಿನಲ್ಲಿ ಸಿನಿಮಾ ನೋಡಿ ಹೊರಬರುವವರು ಬಟ್ಟೆಗೆ ಮೆತ್ತಿದ ಮರಳನ್ನು ಹೇಗೆ ಕೊಡವಿಕೊಳ್ಳುತ್ತಾರೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಚಿತ್ರ ರುಚಿಸದವನು ಬಾಗಿಲಲ್ಲೇ ನಿಂತು, ಬೇಡದ ನೆಂಟನನ್ನು ಸಾಗಹಾಕುವವನಂತೆ ಪಟಪಟನೆ ಕೊಡವಿ ಹೊರಡುತ್ತಾನೆ. ರುಚಿಸಿದವನು ಅದರ ಪರಿವೆಯೇ ಇಲ್ಲದೆ ಮನೆಯ ಹಾಸಿಗೆಯವರೆಗೂ ಒಯ್ಯುತ್ತಾನೆ. ಮರಳಿಗೂ ಮರುಳಿಗೂ ಒಂದು ಕೊಂಬಿನಷ್ಟೇ ಅಂತರವೆಂಬ ಸತ್ಯವನ್ನು ನಾನು ಕಂಡುಕೊಂಡದ್ದು ಯಾವ ವ್ಯಾಕರಣದಿಂದಲೂ ಅಲ್ಲ, ಶಿಕಾರಿಪುರದ ಸಂತೆ ಮೈದಾನದ ಪಕ್ಕದಲ್ಲಿ ಬೇಸಗೆಗೆ ಬಂದು ಮಳೆಗೆ ಮುಂಚೆ ಗಂಟುಮೂಟೆ ಕಟ್ಟುವ ಟೂರಿಂಗ್ ಟಾಕೀಸಿನ ಬಾಗಿಲಲ್ಲಿ.

ನಾನು ಇಲ್ಲಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಈ ಭೂಗೋಳದ ಮೇಲೆ ನಾನು ಸ್ವತಃ ಕಂಡಿರುವ ಅತಿ ದೂರದ ಊರು ಶಿವಮೊಗ್ಗ. ಆದರೂ ಧ್ರುವಪ್ರದೇಶದ ಹಿಮವನ್ನು ನಿನ್ನೆ ತುಳಿದು ಬಂದವನಂತೆ ವರ್ಣಿಸಬಲ್ಲೆ. ಅದೇ ಅಧಿಕಾರದಿಂದ ಸಿನಿಮಾಗಳ ಬಗೆಗೂ ಅಪ್ಪಣೆ ಕೊಡಿಸುತ್ತೇನೆ. ಸಂಜೆ ಹೋಟೆಲಿನಲ್ಲಿ ಕಾಲಿಟ್ಟರೆ ಸಾಕು, "ಹೆಂಗೈತ್ರಿ ಮೇಷ್ಟ್ರೇ ಪಿಚ್ಚರ್ರು?" ಎಂಬ ಪ್ರಶ್ನೆ ಕಾಫಿಗಿಂತ ಮೊದಲು ಬರುತ್ತದೆ. ನೋಡದ ಚಿತ್ರದ ಬಗೆಗೂ ನಾನು ಯಾರನ್ನೂ ನಿರಾಶೆಗೊಳಿಸಿದವನಲ್ಲ.

ಪೌರಾಣಿಕ ಚಿತ್ರಗಳಲ್ಲಿ ದೇವಲೋಕವೆಂದರೆ ಮೊಣಕಾಲೆತ್ತರದ ಹೊಗೆ. ದೇವಸಭೆಯ ಅಡುಗೆಯವರು ಒಲೆಗೆ ಹಸಿ ಸೌದೆ ಹಾಕಿದ್ದಾರೆಯೇ ಎಂದು ನಾನು ಕೇಳಿದ್ದಕ್ಕೆ ಹೋಟೆಲಿನವರು ಒಂದು ವಾರ ನಕ್ಕರು. ಭಕ್ತಿಪ್ರಧಾನ ಚಿತ್ರದಲ್ಲಿ ಭಕ್ತನಿಗೆ ಒದಗುವ ಸಂಕಟಗಳನ್ನು ಲೆಕ್ಕ ಹಾಕಿದರೆ ನಾಸ್ತಿಕನಾಗಿರುವುದೇ ಆರೋಗ್ಯಕರ. ರಾಜರಾಣಿಯರ ಚಿತ್ರದಲ್ಲಿ ರಾಜಕುಮಾರಿ ಒಂದು ಮೀಸೆ ಅಂಟಿಸಿಕೊಂಡಳೆಂದರೆ ಹೆತ್ತ ತಂದೆಗೂ ಗುರುತು ಸಿಗದು, ಅವಳ ಕುದುರೆಗೆ ಮಾತ್ರ ಸಿಗುತ್ತದೆ. ಪಟ್ಟವನ್ನು ಕುದುರೆಗೇ ಕಟ್ಟುವುದು ಪ್ರಜೆಗಳಿಗೆ ಕ್ಷೇಮ. ಇನ್ನು ಸಾಮಾಜಿಕ ಚಿತ್ರಗಳಲ್ಲಿ ಸಮಾಜವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ: ಮಹಡಿಯ ಮೆಟ್ಟಿಲು, ಪಿಯಾನೊ, ಕೆಮ್ಮು. ಮೂರನೆಯ ರೀಲಿನಲ್ಲಿ ಕೆಮ್ಮಿದವನು ಹದಿಮೂರನೆಯದರಲ್ಲಿ ಸಾಯಲೇಬೇಕು. ನಮ್ಮ ಹೆಡ್‌ಮೇಷ್ಟ್ರು ಹದಿನೈದು ವರ್ಷದಿಂದ ಕೆಮ್ಮುತ್ತಿದ್ದಾರೆ, ಇನ್ನೂ ವರ್ಗ ಕೂಡ ಆಗಿಲ್ಲ. ಹಾಸ್ಯದ ಜೋಡಿಗೂ ಕತೆಗೂ ದಾಯಾದಿಗಳ ಸಂಬಂಧ, ಒಂದೇ ಸೂರಿನಡಿ ಇದ್ದರೂ ಮಾತುಕತೆಯಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಮೆಚ್ಚಿಗೆಯಾಗುವುದು ಭಾಷೆ ಬಾರದ ಹಿಂದಿ, ತಮಿಳು ಚಿತ್ರಗಳೇ. ಅವುಗಳಲ್ಲಿ ಸಂಭಾಷಣೆ ಚೆನ್ನಾಗಿರಬಹುದೆಂಬ ಆಸೆಯಾದರೂ ಉಳಿದಿರುತ್ತದೆ.

ಒಮ್ಮೆ ಯಂತ್ರ ನಡೆಸುವವನು ರೀಲುಗಳನ್ನು ಅದಲುಬದಲು ಮಾಡಿದ. ನಾಯಕಿ ಮೊದಲು ಸತ್ತಳು, ಆಮೇಲೆ ಮದುವೆಯಾದಳು. ಟೆಂಟಿನಲ್ಲಿ ಯಾರೊಬ್ಬರೂ ತಕರಾರು ಎತ್ತಲಿಲ್ಲ. ಸತ್ತಾಗ ಅತ್ತರು, ಮದುವೆಯಾದಾಗ ಸಮಾಧಾನಪಟ್ಟರು, ಎದ್ದು ಹೋದರು. ಇದನ್ನು ನಾನು ಉಪ್ಪುಖಾರ ಹಚ್ಚಿ ಹೇಳುತ್ತ ಮನೆಗೆ ನಡೆದಾಗ ಜೊತೆಯಲ್ಲಿದ್ದ ಗಿರಿಜಕ್ಕ ಮಾತ್ರ, "ಅದೂ ಆಗ್ತದೆ ಬಿಡು" ಎಂದಳು. ಹಾಗೆಂದರೇನೆಂದು ನಾನು ಕೇಳಲಿಲ್ಲ. ನನ್ನ ಮಾತೇ ಇನ್ನೂ ಮುಗಿದಿರಲಿಲ್ಲ.

ಗಿರಿಜಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಐದು ವರ್ಷ ದೊಡ್ಡವಳು. ಸೊರಬದ ಬಟ್ಟೆ ವ್ಯಾಪಾರದ ಮನೆಗೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲ. ಭಾವ ಒಂದು ದೀಪಾವಳಿಗೆ ಅವಳನ್ನು ಕರೆತಂದು ನಮ್ಮಲ್ಲಿ ಬಿಟ್ಟು, ಹೋಳಿಗೆ ಉಂಡು, ಬಸ್ಸು ಹತ್ತಿ ಹೋದವರು ಮತ್ತೆ ನಾಲ್ಕು ವರ್ಷ ಕರೆಯಲು ಬರಲಿಲ್ಲ. ಜಗಳವಾಗಿರಲಿಲ್ಲ, ಪಂಚಾಯಿತಿಯಾಗಿರಲಿಲ್ಲ, ಕೊಡೆ ಮರೆತು ಹೋದವರ ಹಾಗೆ ಹೋಗಿದ್ದರು. ಅಕ್ಕ ಹೊಲಿಗೆ ಕಲಿತು ಕೇರಿಯ ಹೆಂಗಸರ ರವಿಕೆ ಹೊಲಿಯತೊಡಗಿದಳು. ವಾರಕ್ಕೊಮ್ಮೆ ನನ್ನೊಡನೆ ಮೊದಲನೆಯ ಆಟಕ್ಕೆ ಬಂದು, ಹೆಂಗಸರ ಕಡೆಯ ಮರಳಲ್ಲಿ ಕೂತು ನೋಡಿ, ಮನೆಯವರೆಗೂ ನನ್ನ ವಿಮರ್ಶೆಯನ್ನು ಸಹಿಸಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅವ್ವ, ಅಕ್ಕ, ನಾನು, ಮೂವರೇ. ಭಾವ ಹೀಗೇಕೆ ಮಾಡಿದರೆಂದು ಸೊರಬಕ್ಕೆ ಹೋಗಿ ಕೇಳಬೇಕಾದವನು ನಾನು. ಹೋಗಲಿಲ್ಲ. ಮೊದಲ ವರ್ಷ ಪರೀಕ್ಷೆಗಳಿದ್ದವು, ಆಮೇಲೆ ಅಭ್ಯಾಸವಾಯಿತು.

ಹೋದ ಬೇಸಗೆಯಲ್ಲಿ ಶಿರಾಳಕೊಪ್ಪದಿಂದ ನಮ್ಮ ದೊಡ್ಡಪ್ಪ ಬಂದರು. ಅಲ್ಲಿ ಅವರದು ಕಾಳುಕಡಿಯ ಅಂಗಡಿ. ನಮ್ಮ ಮನೆಯ ಶುಭಾಶುಭಗಳೆಲ್ಲ ಅವರ ತೀರ್ಮಾನ. ಎರಡು ಸುದ್ದಿ ತಂದಿದ್ದರು. ಅಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆ, ಭಾವ ಹೆಂಡತಿಯನ್ನು ಕರೆದೊಯ್ಯಲು ಭಾನುವಾರ ಬರುತ್ತಾರೆ, ಇದು ಒಂದು. ಜಡೆಯೆಂಬ ಊರಲ್ಲಿ ನನಗೊಂದು ಹೆಣ್ಣು ನೋಡಿದ್ದಾರೆ, ಇದು ಇನ್ನೊಂದು. ಎರಡನ್ನೂ ಅವರು ಒಂದೇ ಗಂಟು ಹಾಕಿ ಅವ್ವನಿಗೆ ಬಿಡಿಸಿ ಹೇಳಿದರು: ಮಗಳು ತವರಲ್ಲಿ ಕೂತಿರುವ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅವಳು ಹೊರಟರೆ ಇವಳು ಬರುತ್ತಾಳೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಡೆಯ ಹೆಣ್ಣಿನ ಜಡೆಯನ್ನೂ ನೋಡಿರದ ನಾನು ಮಾತ್ರ ಒಳಗೊಳಗೇ ಹಿಗ್ಗಿದೆನೆಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಷ್ಟರಲ್ಲಿ ಟೆಂಟಿಗೆ ಒಬ್ಬ ಮಹಾಪತಿವ್ರತೆಯ ಚಿತ್ರ ಬಂದಿತ್ತು. ಜನ್ಮದಲ್ಲಿ ಸಿನಿಮಾ ನೋಡದ ದೊಡ್ಡಪ್ಪ ಶನಿವಾರ ಸಂಜೆ ನಮ್ಮೆಲ್ಲರನ್ನೂ ತಾವೇ ಹೊರಡಿಸಿದರು. ಉಪದೇಶದ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದರೆಂಬುದು ನನಗೆ ತಿಳಿಯಿತು, ಅಕ್ಕನಿಗೆ ನನಗಿಂತ ಮೊದಲೇ ತಿಳಿದಿರಬೇಕು.

ಆ ಚಿತ್ರದ ಕತೆ ಇಷ್ಟು. ಗಂಡ ಹೆಂಡತಿಯನ್ನು ಕಾಡಿಗಟ್ಟುತ್ತಾನೆ. ಹುಲಿ ಅವಳ ಪಾತಿವ್ರತ್ಯಕ್ಕೆ ಹೆದರಿ ಸೋರೆಕಾಯಿ ತಿನ್ನುವ ಪ್ರಾಣಿಯಾಗುತ್ತದೆ. ಅವಳು ಹನ್ನೆರಡು ವರ್ಷ ಕಳೆದರೂ ಒಂದೇ ಸೀರೆಯಲ್ಲಿ, ಕಲೆಯಿಲ್ಲದೆ, ಒಂಬತ್ತು ಹಾಡು ಹೇಳುತ್ತಾಳೆ. ಕೊನೆಗೆ ಅವನಿಗೆ ಜ್ವರ ಬರುತ್ತದೆ. ಏಳು ಬೆಟ್ಟದಾಚೆ ಅವನ ನರಳಾಟ ಕೇಳಿ ಅವಳು ಓಡಿ ಬಂದು ಕಾಲು ಒತ್ತುತ್ತಾಳೆ. ಆಕಾಶದಿಂದ ಹೂ ಸುರಿಯುತ್ತದೆ, ಸುರಿಯುವವನ ಕೈಗಡಿಯಾರವೂ ಒಂದು ಕ್ಷಣ ಕಾಣುತ್ತದೆ. ದೊಡ್ಡಪ್ಪ ಗಳಗಳನೆ ಅತ್ತರು. ಹಿಂತಿರುಗುವಾಗ ನಾನು ಆ ಕೈಗಡಿಯಾರದ ಮೇಲೆ ಒಂದು ಫರ್ಲಾಂಗು, ಹುಲಿಯ ಮೇಲೆ ಎರಡು ಫರ್ಲಾಂಗು ಮಾತಾಡಿದೆ. ಅಕ್ಕ ನಗಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಭಾವ ಬಂದರು. ಸ್ವಲ್ಪ ದಪ್ಪಗಾಗಿದ್ದರು. ಮಳೆ, ವ್ಯಾಪಾರ, ರಸ್ತೆಯ ದುರವಸ್ಥೆಗಳ ಬಗ್ಗೆ ವಿಚಾರಿಸಿಕೊಂಡ ಮೇಲೆ, ತಾಯಿಗೆ ಎತ್ತಿ ಕೂರಿಸುವವರಿಲ್ಲ, ಕೆಲಸದವಳು ನಿಲ್ಲುವುದಿಲ್ಲ, ಮಧ್ಯಾಹ್ನದ ಬಸ್ಸಿಗೇ ಹೊರಟರೆ ಅನುಕೂಲ ಎಂದರು. ನಾಲ್ಕು ವರ್ಷದ ಬಗ್ಗೆ ಮಾತೆತ್ತಲಿಲ್ಲ. ದೊಡ್ಡಪ್ಪ ಒಳಗೆ ಕೇಳುವಂತೆ ಗಂಟಲು ಸರಿಮಾಡಿಕೊಂಡು, ನಿನ್ನೆ ಕಂಡ ಸಾಧ್ವಿಯ ಕತೆಯನ್ನು ಇನ್ನೊಮ್ಮೆ ಹೇಳಿ, ಹೆಣ್ಣೆಂದರೆ ಹಾಗಿರಬೇಕೆಂದು ಮುಗಿಸಿದರು.

ಅಕ್ಕ ಹೊಲಿಯುತ್ತಿದ್ದ ರವಿಕೆಯನ್ನು ಕೈಯಲ್ಲೇ ಹಿಡಿದು ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ದೊಡ್ಡಪ್ಪ, ಆ ಹೆಂಗಸಿಗೆ ತವರು ಅನ್ನೋದು ಇರ್ಲಿಲ್ಲ. ಇದ್ದಿದ್ರೆ ಪಿಚ್ಚರಲ್ಲಿ ಒಂದು ಸಲನಾದ್ರೂ ತೋರಿಸ್ತಿದ್ರು. ಯಾರೂ ಇಲ್ದೋಳು ಓಡಿ ಹೋದ್ಳು. ನಂಗೆ ಐತೋ ಇಲ್ಲೋ, ನನ್ನ ತಮ್ಮನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಿಯ ವಾಚಕರೇ, ದೇವಲೋಕದ ಹೊಗೆಯಿಂದ ಹಿಡಿದು ಹುಲಿಯ ಆಹಾರದವರೆಗೆ ಅಭಿಪ್ರಾಯವಿದ್ದ ನನಗೆ ಆ ಕ್ಷಣದಲ್ಲಿ ಒಂದೂ ಇರಲಿಲ್ಲ. ನೆಲ ನೋಡಿದೆ. ಅವ್ವ ಮಾತಾಡಬೇಡವೆಂಬಂತೆ ತಲೆ ಅಲ್ಲಾಡಿಸುತ್ತಿದ್ದಳು. ಕಾಣದ ಜಡೆಯ ಹುಡುಗಿ ಒಂದು ಕ್ಷಣ ಕಣ್ಣಮುಂದೆ ಸುಳಿದಳು. ನಾಲ್ಕು ವರ್ಷ ನನ್ನ ಪಕ್ಕದಲ್ಲಿ ನಡೆದು ಬಂದವಳ ಕತೆಯನ್ನು ನಾನು ಒಂದು ದಿನವೂ ಕೇಳಿರಲಿಲ್ಲವೆಂಬುದು ಆಗ ಹೊಳೆಯಿತು. ತಲೆಯೆತ್ತಿ ಭಾವನ ಕಡೆ ತಿರುಗಿದೆ.

"ಅಕ್ಕಂಗೆ ಹೋಗ್ಬೇಕು ಅನ್ಸಿದ್ರೆ ಹೋಗ್ತಾಳೆ. ಇಲ್ದಿದ್ರೆ ಇದು ಅವಳ ಮನೆ. ಇಷ್ಟು ವರ್ಷ ಯಾಕೆ ಬರ್ಲಿಲ್ಲ ಅಂತ ನೀವು ಮೊದ್ಲು ಹೇಳ್ರಿ ಭಾವ."

ಭಾವ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದರು. ನಿನ್ನ ಮದುವೆಯನ್ನು ನೀನೇ ಮಾಡಿಕೊ ಎಂದು ನನಗೂ, ನಿನ್ನ ಮಕ್ಕಳನ್ನು ನೀನೇ ಸಾಕಿಕೊ ಎಂದು ಅವ್ವನಿಗೂ ಹೇಳಿ ಹೊರಟೇಹೋದರು. ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದಾಗ ಅಕ್ಕ ಗಂಡನಿಗೆ ಹೇಳಿದಳು: "ಅತ್ತೆ ನನ್ನ ಚೆನ್ನಾಗಿ ನೋಡ್ಕಂಡಿದ್ರು. ಅವರು ಎದ್ದು ಕೂರೋ ತನಕ ಬಂದಿರ್ತೀನಿ. ಅದು ಅವರಿಗೋಸ್ಕರ. ಆಮೇಲೆ ತಮ್ಮ ಬಂದು ಕರ್ಕಂಡು ಹೋಗ್ತಾನೆ."

ಹಾಗೆಯೇ ನಡೆಯಿತು. ಒಂದೂವರೆ ತಿಂಗಳ ಮೇಲೆ ನಾನು ಸೊರಬಕ್ಕೆ ಹೋದಾಗ ಅತ್ತೆ ಜಗಲಿಯಲ್ಲಿ ಗೋಡೆಗೊರಗಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ಹತ್ತಿರ ಕರೆದು, "ಇವಳನ್ನ ಬಿಟ್ಟು ಹೋಗು ಅಂತ ಕೇಳೋಕೆ ನಂಗೆ ಬಾಯಿಲ್ಲ ಮಾರಾಯ" ಎಂದರು. ಅಕ್ಕ ಅವರ ತಲೆ ಬಾಚಿ, ಔಷಧಿಯ ಬಾಟಲಿಗಳನ್ನು ಕೈಗೆಟುಕುವಂತೆ ಇಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಹೊರಟಳು.

ಭಾವ ಟ್ರಂಕು ಹಿಡಿದು ಬಸ್ಸಿನವರೆಗೆ ಬಂದರು. ಅಕ್ಕ ಕಿಟಕಿಯ ಪಕ್ಕ ಕೂತ ಮೇಲೆ, ಟಾಪಿನ ಮೇಲೆ ಮೂಟೆ ಕಟ್ಟುವವರನ್ನು ನೋಡುತ್ತ, ಮತ್ತೆ ಯಾವಾಗ ಬರ್ತೀಯ ಅಂತ ತಮ್ಮ ತಾಯಿ ಕೇಳಿದರು ಎಂದರು.

"ಅವರು ಕರೆದಾಗ ಬರ್ತೀನಿ ಅಂತ ಹೇಳಿ. ನಿಮಗೇ ಕೇಳ್ಬೇಕು ಅನ್ಸಿದ್ರೆ ನೀವೇ ಕೇಳಿ."

ಭಾವ ಏನೋ ಹೇಳಲು ಬಾಯಿ ತೆರೆದರು. ಡ್ರೈವರು ಹಾರನ್ ಹೊಡೆದ. ಸಿನಿಮಾದಲ್ಲಾದರೆ ಅವರು ಬಸ್ಸಿನ ಹಿಂದೆ ಓಡಬೇಕಿತ್ತು, ಪಿಟೀಲು ಅಳಬೇಕಿತ್ತು, ನಾನು ಅದನ್ನು ಹೋಟೆಲಿನಲ್ಲಿ ಒಂದು ವಾರ ಗೇಲಿ ಮಾಡಬೇಕಿತ್ತು. ಇಲ್ಲಿ ಅವರು ಧೂಳಿನಿಂದ ಪಕ್ಕಕ್ಕೆ ಸರಿದು, ಕರ್ಚೀಫಿನಿಂದ ಮುಖ ಒರೆಸಿಕೊಂಡು, ಅಂಗಡಿಯ ಕಡೆ ತಿರುಗಿದರು. ನನಗೆ ನಗು ಬರಲಿಲ್ಲ. ಅಕ್ಕ ಶಿರಾಳಕೊಪ್ಪ ಬರುವತನಕ ಹೊರಗೆ ನೋಡುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಬುತ್ತಿ ಬಿಚ್ಚಿ ನನ್ನ ಕೈಗೆ ರೊಟ್ಟಿ ಕೊಟ್ಟಳು.

ಜಡೆಯ ಸಂಬಂಧ ತಪ್ಪಿತು. ಭಾವನಿಂದ ಇನ್ನೂ ಪತ್ರ ಬಂದಿಲ್ಲ. ಅತ್ತೆ ಯಾರ ಕೈಯಲ್ಲಾದರೂ ಬರೆಸಿ ಆಗಾಗ ಕಳಿಸುತ್ತಾರೆ. ಅಕ್ಕನ ಬಳಿ ಈಗ ಮೂವರು ಹುಡುಗಿಯರು ಹೊಲಿಗೆ ಕಲಿಯುತ್ತಾರೆ. ನನ್ನ ಮಾತಿನ ಮೊನೆ ಮೊಂಡಾಗಿದೆಯೆಂದು ಹೋಟೆಲಿನವರು ದೂರುತ್ತಾರೆ, ಇರಬಹುದು. ಈ ಬೇಸಗೆ ಮತ್ತೆ ಟೆಂಟು ಬಂತು, ಅದರಲ್ಲೊಂದು ಸ್ಟಂಟ್ ಚಿತ್ರ, ಹೊಡೆದಾಟವೆಲ್ಲ ನಾಯಕಿಯದೇ. ನೋಡಿ ಹೊರಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ನಾನು ಎಂದಿನಂತೆ ವಿಮರ್ಶೆಗಿಳಿಯದೆ, ಹೇಗಿತ್ತಕ್ಕ ಎಂದು ಕೇಳಿದೆ. ಅವಳು ನನ್ನನ್ನು ಒಮ್ಮೆ ನೋಡಿ, ನಿಧಾನವಾಗಿ ಶುರುಮಾಡಿದಳು. ಮನೆ ಮುಟ್ಟಿದರೂ ಮುಗಿಯಲಿಲ್ಲ. ಕಟ್ಟೆಯ ಮೇಲೆ ಕೂತು ಕೇಳಿದೆ.

"ಅಷ್ಟೊಂದು ಕಳ್ಳರನ್ನ ಆಕೆ ಒಬ್ಬಳೇ ಚಾಟಿಯಿಂದ ಹೊಡೆದ್ಲಲ್ಲೋ," ಎಂದಳು ಕೊನೆಗೆ. "ಮದುವೆ ಆದ ಮೇಲೆ ಆ ಚಾಟಿ ಎಲ್ಲಿಟ್ಳಂತೆ? ಅದೊಂದನ್ನ ತೋರಿಸ್ಲೇ ಇಲ್ಲ."