ಕಪ್ಪು ಬಣ್ಣದ ಶನಿವಾರ

ಆಗಿನ ಕಾಲ ಚೆನ್ನಾಗಿತ್ತು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾರಿಗೆ ಚೆನ್ನಾಗಿತ್ತು ಎಂದು ಕೇಳಬೇಕು ಅನ್ನಿಸುತ್ತದೆ.

ಎಪ್ಪತ್ತರ ದಶಕ. ಮದ್ದೂರಿನ ಹತ್ತಿರ ಕೊಪ್ಪದ ಕಡೆಯ ಒಂದು ಹಳ್ಳಿ ನಮ್ಮದು. ನನಗೆ ಒಂಬತ್ತು ವರ್ಷವಿದ್ದೀತು. ತಮ್ಮ ಸಿದ್ದ ಹುಟ್ಟಿದ ವರ್ಷವೇ ಅಜ್ಜಿ ನನ್ನನ್ನು ಇಸ್ಕೂಲು ಬಿಡಿಸಿ, ಅವನನ್ನು ನನ್ನ ಸೊಂಟಕ್ಕೇರಿಸಿದ್ದಳು. ಅವ್ವ ಗದ್ದೆಗೆ ಹೋಗುತ್ತಿದ್ದಳು. ಎಮ್ಮೆಗೆ ಹುಲ್ಲು ತರುವುದೂ ನನ್ನ ಪಾಲೇ.

ಆ ವರ್ಷ ಆಲೆಮನೆಯ ಬೆಲ್ಲದ ವಾಸನೆ ಊರು ತುಂಬುವ ಹೊತ್ತಿಗೆ ನಮ್ಮ ವಾಚನಾಲಯಕ್ಕೆ ಒಬ್ಬ ಹೆಂಗಸು ಬಂದರು. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಊರವರು ಲೈಬ್ರರಿಯಮ್ಮ ಎಂದರು. ಗಂಡಸರು ಬೀಡಿ ಸೇದುತ್ತ ಪೇಪರು ನೋಡುವ ಆ ಕೋಣೆಯಲ್ಲಿ, ಶನಿವಾರ ಮಧ್ಯಾಹ್ನ ಎಳೆ ಮಕ್ಕಳಿಗೆ ಕಥೆ ಹೇಳುತ್ತೇನೆ, ವಾರಕ್ಕೊಂದು ಬಣ್ಣ, ಎಂದು ಆಕೆ ಮನೆಮನೆಗೂ ಬಂದು ಹೇಳಿಹೋದರು.

"ಅಲ್ಲು ಬರ್ದಿರೋ ಐಕ್ಳಿಗೆ ಕಥೆಯಂತೆ ಕಣಮ್ಮಿ!" ಎಂದು ಅಜ್ಜಿ ನಕ್ಕಳು. ಕಡಲೆಪುರಿ ಕೊಡುತ್ತಾರಂತೆ ಎಂದು ತಿಳಿದ ಮೇಲೆ ಕಳಿಸಿದಳು.

ಬಾಗಿಲಲ್ಲಿ ಲೈಬ್ರರಿಯಮ್ಮ, ದೊಡ್ಡ ಮಕ್ಕಳು ಹೊರಗೆ ಎಂದರು. ಸಿದ್ದನನ್ನು ಒಳಗೆ ಇಳಿಸಿ ನಾನು ಹೊರಟೆ. ಅವನು ಊರೆಲ್ಲ ಕೇಳುವ ಹಾಗೆ ಅರಚಿದ.

"ಬಾರೇ, ನೀನೂ ಕೂತ್ಕೋ. ಇಲ್ದಿದ್ರೆ ಇವನು ನನ್ನ ಕಿವಿ ತೂತು ಮಾಡ್ತಾನೆ" ಎಂದರು ಲೈಬ್ರರಿಯಮ್ಮ. ಹಾಗೆ ನನಗೆ ಒಳಗೆ ಜಾಗ ಸಿಕ್ಕಿತು. ಅವನ ಅಳುವಿನಿಂದ ನನಗೆ ಆದ ಲಾಭ ಅದೊಂದೇ.

ಮೊದಲ ವಾರ ಹಳದಿ. ಅರಿಸಿನದ ಕೊಂಬು, ಹುಚ್ಚೆಳ್ಳಿನ ಹೂವು, ಹಳದಿ ಕೋಳಿಮರಿಯ ಕಥೆ. ರಟ್ಟಿನ ಮೇಲೆ ಬಣ್ಣದಲ್ಲೇ ಬಣ್ಣದ ಹೆಸರು ಬರೆದಿತ್ತು. ಮಕ್ಕಳು ರಟ್ಟನ್ನು ನೆಕ್ಕಿದವು. ನಾನು ಅಕ್ಷರದ ಮೇಲೆ ಬೆರಳಾಡಿಸಿದೆ. ಎರಡನೆಯ ವಾರ ಬಿಳಿ, ಸುಣ್ಣ ಮತ್ತು ಕಡಲೆಪುರಿ. ಆವತ್ತು ಮಕ್ಕಳೆಲ್ಲ ಹೋದ ಮೇಲೆ ಆಕೆ ಮುಂದಿನದನ್ನು ಯೋಚಿಸುತ್ತ ಕೂತಿದ್ದರು.

"ಮುಂದಿನ ವಾರ ಕೆಂಪು. ಆಮೇಲೆ ಕಪ್ಪು. ಕಪ್ಪಿಗೆ ನನ್ನ ಹತ್ರ ಕಥೇನೇ ಇಲ್ವಲ್ಲೇ ನಿಂಗಿ."

"ನಮ್ಮೆಮ್ಮೆ ಕಪ್ಗದೆ ಕಣಮ್ಮ. ಅದ್ರ ಕಥೆ ಯೋಳ್ಬೋದು."

"ಹಾಗಾದ್ರೆ ಆ ಶನಿವಾರ ಕಥೆ ನಿಂದೇ."

ವಾರವೆಲ್ಲ ಎಮ್ಮೆಯ ಮುಂದೆ ನಿಂತು ಎಮ್ಮೆಯ ಕಥೆಯನ್ನೇ ಹೇಳಿದೆ. ಕತ್ತಲಲ್ಲಿ ಕಳೆದುಹೋದ ಕರಿ ಎಮ್ಮೆಯನ್ನು ಅದರ ಕರು ಹೇಗೆ ಹುಡುಕಿತು ಎಂಬ ಕಥೆ. ಎಮ್ಮೆ ಮೆಲುಕು ಹಾಕುತ್ತ ಕೇಳಿತು.

ಕೆಂಪಿನ ಶನಿವಾರ ಲೈಬ್ರರಿಯಮ್ಮ ಹಿಂದಿನ ಎರಡು ವಾರಗಳನ್ನೂ ತಟ್ಟೆಗೆ ತಂದರು. ಅರಿಸಿನದ ನೀರಿಗೆ ಸುಣ್ಣ ಬಿದ್ದದ್ದೇ ಕೆಂಪಾಯಿತು. ಮಕ್ಕಳು ಹೋ ಎಂದವು. ಕಥೆ ಮುಗಿಸಿ ಆಕೆ ಆ ನೀರನ್ನು ಮೆಟ್ಟಿಲ ಕೆಳಗೆ ಚೆಲ್ಲಿದರು. ಅದೇ ತಪ್ಪಾಯಿತು. ಮಕ್ಕಳಿಗೆ ದೃಷ್ಟಿ ತೆಗೆದು ಚೆಲ್ಲುವುದು ಅದೇ ಕೆಂಪು ನೀರನ್ನು. ಅದನ್ನು ದಾಟಬಾರದು. ಮಕ್ಕಳೆಲ್ಲ ದಾಟಿಕೊಂಡೇ ಮನೆಗೆ ಹೋದವು.

ಮಾರನೆಯ ದಿನ ಸಿದ್ದನಿಗೆ ಮೈ ಸುಡುವ ಜ್ವರ ಬಂತು. ಸೋಮವಾರ ಅಜ್ಜಿ ವಾಚನಾಲಯದ ಮುಂದೆ ನಿಂತಳು.

"ಯಾರ್ ಮಕ್ಳ ದೃಷ್ಟಿ ತೆಗ್ದು ನಮ್ ಐಕ್ಳ ಕಾಲ್ಕೆಳಗೆ ಉಯ್ದೆಯಮ್ಮ?"

"ಅಜ್ಜಿ, ಅದು ಬಣ್ಣ ತೋರ್ಸೋಕೆ ಮಾಡಿದ್ದು. ನಮ್ಮನೇಲೂ ಆರತಿ ನೀರು ಮಾಡ್ತೀವಿ, ನಂಗೆ ಗೊತ್ತಿಲ್ವಾ?"

"ಗೊತ್ತಿದ್ದೂ ಉಯ್ದೆಯಾ?"

ನೋಡುತ್ತ ನಿಂತಿದ್ದ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡರು.

ಸಂಜೆ ಅಜ್ಜಿ ಒಲೆಯ ಮುಂದೆ ಅವ್ವನಿಗೆ ಹೇಳುತ್ತಿದ್ದಳು. "ನೀರ್ನಾಗೆ ಏನೂ ಇಲ್ಲ ಕಣಮ್ಮಿ. ಮಗೀಗೆ ದವಡೆ ಅಲ್ಲು ಬತ್ತಾವೆ, ಜ್ವರ ಬಂದದೆ. ಇವ್ಳು ಕಥೆ ಕೇಳ್ಕಂಡು ಕುಂತ್ರೆ ಎಮ್ಮೆಗೆ ಉಲ್ಲು ನಿಮ್ಮಪ್ಪ ತತ್ತಾನಾ?"

ಅವ್ವ ರಾಗಿ ಹಿಟ್ಟು ತಿರುವುತ್ತಿದ್ದಳು. ತಿರುವುತ್ತಲೇ ಇದ್ದಳು.

ಮುಂದಿನ ಶನಿವಾರ ಹುಲ್ಲಿನ ಹೊರೆ ಹೊತ್ತು ವಾಚನಾಲಯದ ಬಾಗಿಲ ಮುಂದೆಯೇ ಬಂದೆ. ಬೇರೆ ದಾರಿ ಇರಲಿಲ್ಲ. ಒಳಗೆ ಒಂದು ಮಗುವೂ ಇಲ್ಲ. ಕಪ್ಪು ಅಕ್ಷರದ ರಟ್ಟು ಗೋಡೆಗೆ ಒರಗಿತ್ತು.

"ನಿಂಗಿ, ಕಥೆ?" ಎಂದರು ಲೈಬ್ರರಿಯಮ್ಮ.

"ನಡಿಯೇ" ಎಂದಳು ಹಿಂದಿನಿಂದ ಅಜ್ಜಿ. ನಡೆದೆ.

ಸಿದ್ದ ಓದಿದ. ಮಂಡ್ಯದಲ್ಲಿ ಆಫೀಸಿನ ಕೆಲಸ. ಕೇಳಿದರೆ "ಯಾವ ಲೈಬ್ರರಿ ಕಣಕ್ಕ?" ಎನ್ನುತ್ತಾನೆ. ಲೈಬ್ರರಿಯಮ್ಮ ಯಾರಿಗೆಂದು ಅಷ್ಟೆಲ್ಲ ಮಾಡಿದ್ದರೋ ಅವನಿಗೆ ಒಂದೂ ನೆನಪಿಲ್ಲ. ನಾನು ಅಕ್ಷರ ಕೂಡಿಸಿದ್ದು ಮಕ್ಕಳಾದ ಮೇಲೆ, ಊರಿನ ಸಾಕ್ಷರತೆಯ ತರಗತಿಯಲ್ಲಿ. ಇಷ್ಟು ಬರೆಯಲು ಎಷ್ಟು ದಿನ ಹಿಡಿಯಿತೆಂದು ಹೇಳುವುದಿಲ್ಲ.

ಈಗ ಮೊಮ್ಮಗಳನ್ನು ನರ್ಸರಿಗೆ ಯೆಲ್ಲೋ ಡೇ, ರೆಡ್ ಡೇ ಎಂದು ಆ ಬಣ್ಣದ ಫ್ರಾಕು ಹಾಕಿ ಕಳಿಸುತ್ತಾರೆ. ಮೊನ್ನೆ ಅವಳಿಗೆ ಎಮ್ಮೆಯ ಕಥೆ ಹೇಳಲು ಕೂತೆ. ಎಮ್ಮೆ ಕತ್ತಲಲ್ಲಿ ಕಳೆದುಹೋಗುವವರೆಗೆ ಬಂತು. ಕರು ಅದನ್ನು ಹೇಗೆ ಹುಡುಕಿತು ಎಂಬುದು ಎಷ್ಟು ತಿಣುಕಿದರೂ ಬರಲಿಲ್ಲ.

"ಆಮೇಲೇನಾಯ್ತು ಅಜ್ಜಿ?"

"ಆಮೇಲೇನಾದದು? ಎಮ್ಮೆಗೆ ಉಲ್ಲು ತರೋರು ಬೇಕಿತ್ತು. ಅಷ್ಟೇ ಕಣವ್ವ ಕಥೆ."