ಹೆಸರಿಗಿಂತ ಮೊದಲು ಬಂದ ಕತ್ತರಿ

ಕಲ್ಯಾಣ. ಭಾನುವಾರ, 6 ನವೆಂಬರ್ 1983. ಬೆಳಿಗ್ಗೆ ಆರೂವರೆಗೆ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಈ ಊರಿನಲ್ಲಿ ಗಂಡುಕೂಸಿಗೆ ಹೆಸರಿಡುವ ಮೊದಲೇ ಕತ್ತರಿ ಹಾಕುತ್ತಾರೆ. ಸೆಪ್ಟೆಂಬರ್ ಒಂಬತ್ತರ ಶುಕ್ರವಾರ ಫ್ಯಾಕ್ಟರಿಯಿಂದ ನೇರವಾಗಿ ಅಕ್ಕ ಇದ್ದ ಹೆರಿಗೆ ಆಸ್ಪತ್ರೆಗೆ ಹೋದೆ. ಕೈಯಲ್ಲಿ ಬಾಳೆಹಣ್ಣಿನ ಚೀಲ. ಮಂಗಳವಾರ ಹುಟ್ಟಿದ ಕೂಸು ಅಳುತ್ತಿತ್ತು. ಅಳುವುದು ಅಂದರೆ ಹಾಲಿಗಾಗಿ ಅಳುವ ಹಾಗಲ್ಲ, ದನಿ ಒಡೆದುಹೋಗಿತ್ತು. ಕಾಲಸಂದಿಯ ಬಟ್ಟೆ ಕೆಂಪಾಗಿತ್ತು.

“ಏನಾತಬೇ ಅಕ್ಕಾ?”

“ಮುಂಜಿ ಮಾಡ್ಯಾರ.”

“ಯಾರು?”

“ಡಾಕ್ಟರು. ಮುಂಜಾನೆ ಒಳಗ ಒಯ್ದರು, ಹತ್ತು ಮಿನಿಟಿಗೆ ತಂದು ಕೊಟ್ಟರು.”

“ಯಾರನ್ನ ಕೇಳಿ?”

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. “ನನ್ನಂತೂ ಕೇಳಲಿಲ್ಲ ತಮ್ಮಾ.”

ಕನ್ನಡ ನಾಡಿನ ಓದುಗರಿಗೆ ಮೊದಲು ನಾವು ಯಾರು ಎಂದು ಹೇಳಬೇಕು. ನಾನು ಲಾಲಸಾಬ. ಅಕ್ಕ ಹುಸೇನಬಿ, ಅವಳ ಗಂಡ ರಾಜೇಸಾಬ. ಸಿಂದಗಿ ಕಡೆಯ ನದಾಫರು, ಅರಳೆ ಹಿಂಜಿ ಗಾದಿ ತುಂಬುವವರು. ನಮ್ಮ ಮನೆಮಾತು ಕನ್ನಡ. ನಮಾಜಿಗೆ ಬೇಕಾದಷ್ಟು ಅರಬ್ಬಿ ಬಿಟ್ಟರೆ ನಮ್ಮವ್ವನಿಗೆ ಬೇರೆ ನುಡಿ ಗೊತ್ತಿಲ್ಲ. ಸುನ್ನತಿಗೂ ನಮ್ಮ ಕಡೆ ಮುಂಜಿ ಎಂದೇ ಅನ್ನುತ್ತಾರೆ. ಮಾಮಾ, ಅಂದರೆ ಅಕ್ಕನ ಗಂಡ, ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಡೊಂಬಿವಲಿಯ ಬಿಲ್ಡಿಂಗುಗಳ ಕೆಳಗೆ ನಿಂತು ಹುರಿ ಮಿಡಿಯುತ್ತಾನೆ. ಆ ಸದ್ದು ಕೇಳಿ ಮೇಲಿನ ಗ್ಯಾಲರಿಯಿಂದ ಮರಾಠಿ ಹೆಂಗಸರು ಕೂಗಿ ಕರೆಯುತ್ತಾರೆ. ನಾನು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಟೈಮ್‌ಕೀಪರ್. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ಬರೆಯುವುದು ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ, ತಾರೀಖು ಹಾಕಿ ಡೈರಿ ಬರೆಯುತ್ತೇನೆ.

ನಾವಿರುವುದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಚಾಳಿನಲ್ಲಿ. ಒಂದೇ ಖೋಲಿ. ಅರ್ಧ ಖೋಲಿ ಅರಳೆಯ ಮೂಟೆ, ಇನ್ನರ್ಧ ನಾವು. ಊರಲ್ಲಿ ಮನೆಯೊಳಗೆ ಕತ್ತಲೆ ಇತ್ತು, ಹೊರಗೆ ಅಂಗಳವಿತ್ತು. ಇಲ್ಲಿ ಇಡೀ ದಿನ ವಿದ್ಯುದ್ದೀಪವಿದೆ, ಕಾಲು ಚಾಚಲು ಜಾಗವಿಲ್ಲ. ಊರಲ್ಲಿ ನೀರಿಗೆ ಬಾವಿಗೆ ನಡೆಯಬೇಕಿತ್ತು. ಇಲ್ಲಿ ನಳ ಬಾಗಿಲ ಎದುರೇ ಇದೆ, ಆದರೆ ಅದರ ಮುಂದೆ ನಿಂತಾಗಲೆಲ್ಲ ಒಂದು ಪರೀಕ್ಷೆ. ನಾವು ಬಂದ ಮೊದಲ ವಾರವೇ ಪಕ್ಕದ ಖೋಲಿಯ ಚಾಚಾ ಕೇಳಿದ್ದ: “ಕಾನಡೀ ಮುಸಲ್ಮಾನ್? ಐಸಾ ಭೀ ಹೋತಾ ಹೈ ಕ್ಯಾ?” ಹೀಗೂ ಇರುತ್ತದೆಯೇ ಎಂದು. ನಳದ ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾಮಾ ಕೂಡ ನಕ್ಕ. ಆ ನಗು ನೋಡಲು ನನಗೆ ಆಗಲಿಲ್ಲ.

ಇನ್ನೊಂದು ಕಡೆಯ ಪರೀಕ್ಷೆಯೂ ಇದೆ. ಠಾಣೆ ಸ್ಟೇಷನ್ ಹೊರಗೆ ನಮ್ಮ ಕರಾವಳಿಯವರ ಒಂದು ಹೋಟೆಲು. ಕನ್ನಡ ಕೇಳಿ ಗಲ್ಲೆಯ ಮೇಲಿದ್ದವರು ಖುಷಿಯಿಂದ, “ಯಾವ ಊರು ಮಾರಾಯ್ರೆ ನಿಮ್ದು?” ಎಂದರು. ಊರು ಹೇಳಿದೆ. ಹೆಸರು ಕೇಳಿದರು. ಹೇಳಿದೆ. “ಹಾಂ? ಮತ್ತೆ ಕನ್ನಡ ಇಷ್ಟು ಚಂದ ಎಲ್ಲಿ ಕಲ್ತದ್ದು?” “ಅವ್ವನ ಹೊಟ್ಟ್ಯಾಗ” ಎಂದೆ. ಅವರು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಆ ಚಹಾ ನನಗೆ ರುಚಿಸಲಿಲ್ಲ.

ಇನ್ನು ಮುಂಜಿಯ ವಿಷಯ. ನಮ್ಮ ಅವ್ವನ ತವರಿನಲ್ಲಿ ಎರಡು ಕಟ್ಟಳೆಗಳಿವೆ. ಗಂಡುಹುಡುಗನ ಮೊದಲ ಹಾಲಹಲ್ಲು ಬೀಳುವ ತನಕ ಮುಂಜಿ ಇಲ್ಲ. ಸೋದರಮಾವನ ತೊಡೆ ಇಲ್ಲದೆ ಮುಂಜಿ ಇಲ್ಲ. ಮಾವ ಬಂದು, ಹೊಸ ಅಂಗಿ ಹಾಕಿ, ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಡಿದುಕೊಳ್ಳಬೇಕು. ಅವ್ವ ಮದುವೆಯಾಗಿ ಬಂದಾಗ ಈ ಕಟ್ಟಳೆಗಳನ್ನು ಅಪ್ಪನ ಮನೆಗೂ ತಂದಳು. ನನ್ನದು ಹಾಗೆಯೇ ಆಯಿತು. ನನಗೆ ಆರು ವರ್ಷ. ಮೇಲೆ ಬಂಗಾರದ ಗುಬ್ಬಿ ಹಾರುತ್ತಿದೆ, ನೋಡು ಎಂದರು. ನೋಡಿದೆ. ಗುಬ್ಬಿ ಇರಲಿಲ್ಲ. ಆ ಮೋಸವನ್ನು ನಾನು ಇನ್ನೂ ಮರೆತಿಲ್ಲ. ಆದ್ದರಿಂದ ಊರಲ್ಲಿ ಎಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ನಾನು “ಬ್ಯಾಡ” ಎಂದು ಕೂಗಿದ್ದೆ. ಯಾರೂ ಬಿಡಲಿಲ್ಲ, ನಿಜ. ಹಾಗೆ ಕೂಗಿದ್ದನ್ನು ಹತ್ತು ಜನ ಕೇಳಿಸಿಕೊಂಡರು, ಅವ್ವ ಒಳಗೆ ಸೆರಗು ಕಚ್ಚಿಕೊಂಡು ಅತ್ತಳು. ಮೂರು ದಿನದ ಕೂಸಿನ “ಬ್ಯಾಡ”ವನ್ನು ಹಸಿವು ಎಂದುಕೊಂಡು ಬಾಯಿಗೆ ಸಕ್ಕರೆ ನೀರು ಹಾಕುತ್ತಾರೆ.

ಆ ಶುಕ್ರವಾರಕ್ಕೆ ಮರಳುತ್ತೇನೆ. ಕಾರ್ಖಾನೆಯಲ್ಲಿ ಇದ್ದ ನನಗೆ ಯಾರೂ ಹೇಳಿಕಳಿಸಿರಲಿಲ್ಲ. ಈ ಕೂಸಿನ ಸೋದರಮಾವ ನಾನು. ನನ್ನ ತೊಡೆ ಕೇಳಲಿಲ್ಲ, ಹೆತ್ತವಳ ಬಾಯಿ ಕೇಳಲಿಲ್ಲ, ಕೂಸಿಗೆ ಹಲ್ಲು ಮೊಳೆಯುವುದನ್ನೂ ಕಾಯಲಿಲ್ಲ. ಆಯಾ ಬಂದು ಬಟ್ಟೆ ಬದಲಿಸಿ, “ಥೋಡಾ ತೋ ಆತಾ ಹೀ ಹೈ” ಎಂದಳು, ಸ್ವಲ್ಪ ಬಂದೇ ಬರುತ್ತದೆ ಎಂದು. ಐದು ಗಂಟೆಯಿಂದ ಏಳರೊಳಗೆ ಒಂಬತ್ತು ಬಟ್ಟೆ. ಲೆಕ್ಕ ನನ್ನ ಡೈರಿಯಲ್ಲಿದೆ. ಮಾಮಾ ಖೋಲಿಯಿಂದ ಹಿಂಜಿದ ಅರಳೆ ತಂದ. ಊರಲ್ಲಿ ಕೈಗೆ ಪೆಟ್ಟಾದರೆ ಅರಳೆ ಸುಟ್ಟು ಬೂದಿ ಒತ್ತುತ್ತೇವೆ. ಇಲ್ಲಿ ಬೂದಿ ಒತ್ತಲು ಬಿಡಲಿಲ್ಲ, ಅರಳೆ ಮಾತ್ರ ಇಟ್ಟರು. ಬಿಳಿ ಅರಳೆ ಕೆಂಪಾಗುವುದನ್ನು ನೋಡುತ್ತ ಅಕ್ಕ ಒಂದೇ ಮಾತು ಹೇಳುತ್ತಿದ್ದಳು: “ನಿಲ್ಲವಲ್ದು. ತಮ್ಮಾ, ನಿಲ್ಲವಲ್ದು.”

ಡಾಕ್ಟರು ಬಂದರು. ಹೊಲಿಗೆ ಹಾಕಿದರು. ಹೊಲಿಗೆಯ ತೂತಿನಿಂದಲೂ ರಕ್ತ ಬಂತು. ಆಗ ಅವರ ಮುಖದ ಬಣ್ಣ ಹೋಯಿತು. ಕೂಸನ್ನು ಮುಂಬೈಗೆ ಒಯ್ಯಿರಿ ಎಂದರು. ಟ್ಯಾಕ್ಸಿಯಲ್ಲಿ ಅಕ್ಕನ ಮಡಿಲಲ್ಲಿ ಕೂಸು ಅಳುವುದನ್ನು ನಿಲ್ಲಿಸಿತು. ಆ ಅಳುವಿಗಾಗಿ ನಾವು ಮೂವರೂ ದಾರಿಯುದ್ದಕ್ಕೂ ಕಾದೆವು.

ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಆಮೇಲೆ ಪ್ಲಾಸ್ಮಾ ಎಂಬ ಹಳದಿ ನೀರಿನಂಥ ದ್ರವ ಕೊಟ್ಟರು. ರಕ್ತದಿಂದಲೇ ತೆಗೆದದ್ದು, ಹೆಪ್ಪುಗಟ್ಟಲು ಬೇಕಾದ ಅಂಶ ಅದರಲ್ಲಿರುತ್ತದಂತೆ. ಕೂಸಿನ ರಕ್ತದಲ್ಲಿ ಆ ಅಂಶ ಹುಟ್ಟಿನಿಂದಲೇ ಇಲ್ಲ. ಮರುದಿನ ಅಲ್ಲಿಯ ಡಾಕ್ಟರಮ್ಮ ಅಕ್ಕನನ್ನು ಕೇಳಿದರು, ನಾನು ಅದನ್ನು ಕನ್ನಡ ಮಾಡಿ ಹೇಳಿದೆ: “ನಿನ್ನ ತಾಯಿಯ ಕಡೆ ಯಾವುದಾದರೂ ಗಂಡುಹುಡುಗನಿಗೆ ಹೀಗೆ ರಕ್ತ ನಿಲ್ಲದೆ ಹೋಗಿತ್ತೇ?”

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

“ದಸ್ತಗೀರ ಮಾವ” ಎಂದಳು.

ಅವ್ವನ ತಮ್ಮ ದಸ್ತಗೀರ. ನಾವು ನೋಡಿಲ್ಲ. ಸಣ್ಣವನಿದ್ದಾಗ ಮಂಡಿ ಬಾತು ಕೂತೇ ಇರುತ್ತಿದ್ದನಂತೆ. ಆರನೆಯ ವರ್ಷ ಹಾಲಹಲ್ಲು ಬಿತ್ತು, ರಕ್ತ ನಿಲ್ಲಲಿಲ್ಲ, ಮೂರನೆಯ ದಿನ ತೀರಿಕೊಂಡ. ಯಾರದೋ ನೆದರು, ಅಂದರೆ ಕೆಟ್ಟ ದೃಷ್ಟಿ, ತಾಕಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಹಲ್ಲು ಬಿದ್ದ ಮೇಲೆ ಮುಂಜಿ ಎಂಬ ಕಟ್ಟಳೆ ಎಲ್ಲಿಂದ ಬಂತು ಎಂಬುದು ಆ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತಾಗ ನನಗೆ ಹೊಳೆಯಿತು. ಅಜ್ಜಿ ಒಬ್ಬ ಮಗನನ್ನು ಕಳೆದುಕೊಂಡು ಉಳಿದವರಿಗಾಗಿ ಕಾಯುವುದನ್ನು ಕಲಿತಿದ್ದಳು. ಹಲ್ಲು ಬಿದ್ದು ರಕ್ತ ತಾನಾಗಿ ನಿಂತ ಹುಡುಗನಿಗೆ ಮಾತ್ರ ಕತ್ತರಿ.

ಅಜ್ಜಿಯ ಮೇಲೂ ನನಗೆ ಸಿಟ್ಟಿದೆ. ಕಾರಣ ಯಾಕೆ ಹೇಳಲಿಲ್ಲ? ಕಾರಣ ಹೇಳದೆ ಕಟ್ಟಳೆ ಕೊಟ್ಟರೆ, ಊರು ಬಿಟ್ಟವರು ಅದನ್ನು ಊರಲ್ಲೇ ಬಿಟ್ಟು ಬರುತ್ತಾರೆ. ಬೀಸುವಕಲ್ಲಿನ ಹಾಗೆ, ರೈಲುಗಾಡಿಯಲ್ಲಿ ಇದನ್ನೆಲ್ಲ ಯಾರು ಹೊರುತ್ತಾರೆ ಎಂದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾಮಾನನ್ನು ಹಿಡಿದೆ. ಕತ್ತರಿಗೆ ಹೂಂ ಅಂದವನು ಅವನೇ.

“ಹಲ್ಲ ಬೀಳೂಮಟಾ ಕಾಯಾಕ ಏನ ಧಾಡಿ ಆಗಿತ್ತ್ರಿ ಮಾಮಾ?”

“ನಿನಗೇನ ಗೊತ್ತೋ ಲಾಲ್ಯಾ. ನೀ ಗೇಟಿನ್ಯಾಗ ಕುಂತು ಬರೀತಿ. ನಾ ದಿನಾ ಆ ನಳದ ಮುಂದ ನಿಲ್ಲತೀನಿ. ನಿಮ್ಮ ಕಡೆ ಸುನ್ನತಿ ಮಾಡತಾರೋ ಇಲ್ಲೋ ಅಂತ ನಗಚಾಟಕಿ ಮಾಡತಾರ. ಚಾಚಾ ಅಂದ, ಇಲ್ಲಿ ಎಲ್ಲಾರೂ ದವಾಖಾನಿದಾಗಽ ಮುಗಿಸಿ ಮನೀಗೆ ಕರಕೊಂಡು ಬರತಾರ, ನೀವೂ ಮಾಡಸ್ರಿ, ಬಾಯಿ ಮುಚ್ಚತಾವ ಅಂತ.”

“ಬಾಯಿ ಮುಚ್ಚಿದವೇನ್ರಿ?”

ಅವನು ಮೆಟ್ಟಿಲು ಇಳಿಯಲು ಹೊರಟ. ನಾನು ಅಡ್ಡ ನಿಂತೆ.

“ಅವರ ಬಾಯಿ ಮುಚ್ಚಾಕ ಇವನ ರಕ್ತಾ ಬೇಕಾತೇನ್ರಿ?”

ಮಾಮಾ ಮೆಟ್ಟಿಲ ಮೇಲೆ ಕುಸಿದು ಕೂತ. ಅಂಗಿಯ ತೋಳಿಗೆ ಅರಳೆಯ ಎಳೆಗಳು ಅಂಟಿದ್ದವು, ಒಂದೊಂದಾಗಿ ಕೀಳತೊಡಗಿದ. ಅವನು ಕೆಟ್ಟವನಲ್ಲ. ಅದಕ್ಕೇ ನನ್ನ ಸಿಟ್ಟು ಇಳಿಯುವುದಿಲ್ಲ. ಕೆಟ್ಟವನಾಗಿದ್ದರೆ ಬೈದು ಮುಗಿಸುತ್ತಿದ್ದೆ.

ಕೂಸು ಉಳಿಯಿತು. ಹೆಸರು ದಸ್ತಗೀರ ಎಂದಿಟ್ಟಿದ್ದೇವೆ, ಅಕ್ಕನ ಹಟ. ಅವನು ತೆವಳುವಾಗ, ಬೀಳುವಾಗ, ಹಲ್ಲು ಬರುವಾಗ, ಜೀವನವಿಡೀ ಕಾಯಬೇಕು.

ಆಮೇಲೆ ನಾನು ಕಲ್ಯಾಣದ ಆ ಹೆರಿಗೆ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಂಡೆ. ರಕ್ತದ ವಿಷಯ ಮೊದಲೇ ಯಾಕೆ ಕೇಳಲಿಲ್ಲ ಎಂದೆ. ಸಣ್ಣ ಕೆಲಸ, ದಿನಾ ಮಾಡುತ್ತೇನೆ, ನಿಮ್ಮ ನಸೀಬು ಎಂದರು. ನೋವಿನ ಮದ್ದಾದರೂ ಹಾಕಿದಿರಾ ಎಂದೆ. “ಇತ್ನೇ ಛೋಟೇ ಕೋ ದರ್ದ್ ಕಹಾಂ ಮಾಲೂಮ್?” ಇಷ್ಟು ಸಣ್ಣದಕ್ಕೆ ನೋವೆಲ್ಲಿ ಗೊತ್ತಾಗುತ್ತದೆ? ಆ ಶುಕ್ರವಾರ ಒಡೆದುಹೋಗಿದ್ದ ದನಿ ಯಾರದ್ದು ಹಾಗಾದರೆ? ಗೊತ್ತಾಗುವುದಿಲ್ಲ ಎನ್ನುವವರಿಗೆ ಅದನ್ನು ಯಾರು ಹೇಳಿದರು, ಕೂಸೇ?

ಮಸೀದಿಗೂ ಹೋದೆ. ಮುದಿ ಮೌಲವಿ ಸಾಬರು ಎಲ್ಲ ಕೇಳಿಸಿಕೊಂಡರು. ಇಂಥ ದಿನವೇ ಆಗಬೇಕೆಂಬ ಕಡ್ಡಾಯವಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾಡಬಾರದು ಎಂದರು. “ಜಾನ್ ಪಹಲೇ, ಬೇಟಾ.” ಜೀವ ಮೊದಲು. ಸಿಟ್ಟು ಮಾಡಿಕೊಳ್ಳಲು ಸಿದ್ಧನಾಗಿ ಹೋದವನಿಗೆ ಅಲ್ಲಿ ಮಾತ್ರ ಸಿಟ್ಟು ಬರಲಿಲ್ಲ. ಹಾಗಾದರೆ ಅವಸರ ಯಾರದು? ಧರ್ಮದ್ದಲ್ಲ. ನಳದ ಮುಂದಿನ ಸಾಲಿನದು.

ಅಪಾಯವಿಲ್ಲದ ಕೂಸಿಗೆ ಮಾಡಬಹುದೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಹುಡುಗ ಬೆಳೆಯಲಿ, ಏನು ಮಾಡುತ್ತಾರೆ, ಯಾಕೆ ಎಂದು ತಿಳಿದು ಬಾಯಿಬಿಟ್ಟು ಹೂಂ ಅನ್ನುವ ವಯಸ್ಸಿಗೆ ಬರಲಿ. ಹೂಂ ಅಂದರೆ ಮಾಡಲಿ. ಮೈ ಅವನದು. ಇದನ್ನು ಹೇಳಿದಾಗ ಚಾಚಾ, “ಪಢಾ-ಲಿಖಾ ಕಾಫಿರ್” ಎಂದ. ಓದು ಕಲಿತು ದಾರಿ ಬಿಟ್ಟವನು ಎಂದು. ಆದರೆ ಮೊನ್ನೆ ಅದೇ ಚಾಚಾ ಬಾಗಿಲಲ್ಲಿ ನಿಂತು ಕೂಸನ್ನು ನೋಡಿ, ತನ್ನ ಮೊಮ್ಮಗನ ಮೂಗಿನಲ್ಲಿ ಆಗಾಗ ರಕ್ತ ಬರುತ್ತದೆ, ಅದು ಇದೇನಾ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಗೊತ್ತಿಲ್ಲ, ತೋರಿಸಿ ಎಂದೆ. ಆಸ್ಪತ್ರೆಯ ಹೆಸರು ಬರೆದುಕೊಟ್ಟೆ.

ಇಷ್ಟೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿ ಮೌಲಾಬಿ. ಊರಲ್ಲಿದ್ದಾಳೆ, ಜನವರಿಗೆ ದಿನ ತುಂಬುತ್ತದೆ. ಈ ದೋಷ ತಾಯಂದಿರಿಗೆ ತಾಕದೆ ಗಂಡುಮಕ್ಕಳಿಗೆ ಹೋಗುತ್ತದೆ, ತಂಗಿಯ ಒಡಲಲ್ಲೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅವಳ ಗಂಡನ ಮನೆಯವರು ಹೆರಿಗೆಗೆ ಕಲ್ಯಾಣಕ್ಕೇ ಕಳಿಸುತ್ತೇವೆ, ಅಲ್ಲೇ ಮುಂಜಿಯೂ ಆಗಿಹೋಗಲಿ, ಊರಿಗೆ ಮುಂಜಿ ಊಟ ಹಾಕುವ ಖರ್ಚು ಉಳಿಯಿತು ಎಂದು ಬರೆದಿದ್ದಾರೆ.

ನಾನು ಉತ್ತರ ಬರೆದು ಹರಿದೆ, ಮತ್ತೆ ಬರೆದು ಹರಿದೆ. ಊರಲ್ಲೇ ಇರು ಎನ್ನಲೇ? ಅಲ್ಲಿ ಸೋದರಮಾವನ ತೊಡೆ ಇಲ್ಲದೆ ಮುಂಜಿ ಆಗುವುದಿಲ್ಲ. ನಾನು ತೊಡೆ ಕೊಡುವುದಿಲ್ಲ ಎಂದರೆ ಮುಗಿಯಿತು, ನನ್ನ ಮಾತಿಗೆ ಬೆಲೆಯಿರುವ ಊರು ಅದು. ಆದರೆ ಹೊಕ್ಕುಳ ಬಳ್ಳಿಯಿಂದಲೇ ರಕ್ತ ಬಂದರೆ ಅಲ್ಲಿ ಅರಳೆಯ ಬೂದಿ ಬಿಟ್ಟರೆ ಬೇರೇನಿದೆ? ಇಲ್ಲಿಗೆ ಬಾ ಎನ್ನಲೇ? ಇಲ್ಲಿ ಆ ಹಳದಿ ದ್ರವ ಇದೆ, ಡಾಕ್ಟರಮ್ಮ ಇದ್ದಾರೆ. ಆದರೆ ಇಲ್ಲಿ ಯಾರೂ ಯಾರ ತೊಡೆಯನ್ನೂ ಕೇಳುವುದಿಲ್ಲ.

ಕಾಯುವುದನ್ನು ಬಲ್ಲ ಊರು ಅದು. ಉಳಿಸುವುದನ್ನು ಬಲ್ಲ ಊರು ಇದು. ಎರಡೂ ನನ್ನವೇ, ಎರಡರಲ್ಲೂ ನಾನು ಅರ್ಧ.

ಕೊನೆಗೆ ನಿನ್ನೆ ಅಂಚೆಗೆ ಹಾಕಿದ ಕಾಗದದಲ್ಲಿ ಇಷ್ಟೇ ಬರೆದೆ: “ಮೌಲಾ, ಬಾ. ಹೆರಿಗೆ ಮುಂಬೈಯ ದೊಡ್ಡ ದವಾಖಾನಿಯಲ್ಲಿ. ಗಂಡಾದರೆ ಮೊದಲು ರಕ್ತ ನೋಡಿಸೋಣ. ನಾನು ರಜೆ ಹಾಕಿ ಬಾಗಿಲಲ್ಲಿ ಕೂರುತ್ತೇನೆ. ಯಾರೇ ಕೂಸನ್ನು ಒಳಗೆ ಒಯ್ಯಲು ಬಂದರೂ ನನ್ನ ತೊಡೆ ದಾಟಿ ಹೋಗಬೇಕು.”

ಒಳಗೆ ದಸ್ತಗೀರ ಎದ್ದಿದ್ದಾನೆ. ಇದು ಹಸಿವಿನ ಅಳು, ಈಗ ನನಗೆ ವ್ಯತ್ಯಾಸ ಗೊತ್ತು. ಓದುಗರೇ, ನಿಮ್ಮ ತಾಯಿಯ ತವರಿನಲ್ಲಿ ಸಣ್ಣ ಗಾಯಕ್ಕೆ, ಬಿದ್ದ ಹಲ್ಲಿಗೆ, ಮುಂಜಿಗೆ ತೀರಿಕೊಂಡ ಹುಡುಗನ ಕಥೆ ಇದೆಯೇ? ನೆದರು ಎಂದು ಹೇಳಿ ಮುಚ್ಚಿದ ಕಥೆಯಾದರೂ ಸರಿ. ನಮ್ಮ ಕಡೆ ಇಂಥ ಮಕ್ಕಳನ್ನು ನೋಡುವ ಡಾಕ್ಟರು ಯಾವ ಊರಲ್ಲಿದ್ದಾರೆ ಎಂಬುದು ಯಾರಿಗಾದರೂ ಗೊತ್ತೇ? ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಜನವರಿಗಿಂತ ಮೊದಲು ಬರೆಯಿರಿ.