ಬಸವನಹುಳುವಿಗೂ ಸಿಲ್ವರ್ ಪೇಂಟ್

ಬಾಳೂರು ಕಡೆಯ ಒಂದು ಹಳ್ಳಕ್ಕೆ ಹಾಕಿದ ಕಬ್ಬಿಣದ ಕಾಲುಸೇತುವೆ. ಅದರ ಪೇಂಟ್ ಹೇಗಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂಡಿಗೆರೆ ದಾಟುವುದರೊಳಗೆ ಮನೆಗೆ ಮೂರು ಸಲ ಫೋನ್ ಮಾಡುವವನು ನಾನು. ಅಂಥವನೇ ಹೋದ ವರ್ಷ, ರಕ್ತ ಹೀರುವ ಉಂಬಳಗಳಿಗೆ ಹೆದರಿ ಜೀಪಿನಿಂದ ಇಳಿಯದೆ, ಹೊಸ ಬಣ್ಣದ ಹೊಳಪು ನೋಡಿ 'ಸುಸ್ಥಿತಿಯಲ್ಲಿದೆ' ಎಂದು ಬರೆದುಕೊಟ್ಟಿದ್ದೆ.

ಈ ಸಲ ಮಳೆ ಬಿಟ್ಟ ಹೊತ್ತು ನೋಡಿ ಇಳಿದೆ. ಸೇತುವೆ ದಾಟಿ ಆಚೆ ತುದಿಯ ತೊಲೆಯನ್ನು ಒರೆಸಿ, ಬ್ಲೇಡಿನಿಂದ ಗೀರಿ, ಟೇಪ್ ಅಂಟಿಸಿ ಎಳೆದೆ. ಪೇಂಟ್ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ಪಾಚಿ, ತುಕ್ಕು, ಕೊಳೆತ ಎಲೆಯ ಲೋಳೆ. ಬಳಿದವನು ಒಂದು ಬಟ್ಟೆ ಆಡಿಸಿರಲಿಲ್ಲ. ಮೂಲೆಯಲ್ಲೊಂದು ಬಸವನಹುಳು ಚಿಪ್ಪಿನ ಸಮೇತ ಸಿಲ್ವರ್ ಆಗಿ ಸತ್ತಿತ್ತು. ಬಳಿದವನ ಮೇಲೆ ಹೇಸಿಗೆ ಹುಟ್ಟಿತು.

"ಇಲ್ಲೇ ಇಷ್ಟೊಂದು ತುಕ್ಕು ಹಿಡಿದಿದೆಯಲ್ಲ, ಇಲ್ಲಿ ಏನಿಡ್ತೀರಿ?" ಜೊತೆಗಿದ್ದ ಎಸ್ಟೇಟ್ ಮೇಸ್ತ್ರಿಯನ್ನು ಕೇಳಿದೆ.

"ಗೊಬ್ಬರದ ಮೂಟೆ ಸಾರ್. ಜೀಪು ಈಚೆ ಬರಲ್ವಲ್ಲ. ಹೊತ್ಕಂಡು ಬಂದು ಇಲ್ಲಿಳಿಸಿ, ಎಲೆ ಅಡಿಕೆ ಹಾಕ್ಕಂಡು ಮುಂದೆ ಹೋಗೋದು."

ಮಳೆಗೆ ಕರಗಿದ ಪೊಟ್ಯಾಶ್ ಗೊಬ್ಬರ ವರ್ಷಗಟ್ಟಲೆ ಅದೇ ತೊಲೆಯ ಮೇಲೆ ಸೋರಿ ಕಬ್ಬಿಣವನ್ನು ತಿಂದಿತ್ತು. ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಸುತ್ತಿಗೆ ಒಳಗೇ ಹೋಯಿತು. ತೂತಿನಲ್ಲಿ ಹಳ್ಳದ ನೀರು ಕಂಡಿತು.

ಅಷ್ಟರಲ್ಲಿ ತೋಟದ ಕೆಲಸ ಮುಗಿಸಿದ ಹೆಂಗಸರು ಮನೆಗೆ ಹೊರಟು ಬಂದರು. ಇನ್ನು ಮೇಲೆ ಇದರ ಮೇಲೆ ಯಾರೂ ಓಡಾಡುವ ಹಾಗಿಲ್ಲ ಎಂದೆ.

"ಹೋದ ವರ್ಷ ಜೀಪಲ್ಲಿ ಕೂತ್ಕಂಡೇ ಚೆನ್ನಾಗಿದೆ ಅಂದೋರು ನೀವೇ ಅಲ್ವಾ?" ಹಿರಿಯಾಕೆ ಕೇಳಿದಳು. "ಅವತ್ತಿಂದ ಮೊಮ್ಮಗಳನ್ನ ಸೊಂಟದ ಮೇಲಿಟ್ಕಂಡು ಇದರ ಮೇಲೇ ಓಡಾಡಿದೀನಿ."

ಪೇಂಟ್ ಬಳಿದವನ ಮೇಲಿದ್ದ ಹೇಸಿಗೆಯೆಲ್ಲ ನನ್ನ ಕಡೆ ತಿರುಗಿತು. ಗ್ಯಾಸಿಗೆ ಮೂರು ಸಲ ಫೋನ್ ಮಾಡುವವನು!

ಆಚೆ ದಡದಿಂದ ಜೀಪಿನ ಡ್ರೈವರ್ ಕೂಗಿದ: "ಬನ್ನಿ ಮಾರಾಯ್ರೆ, ನಿಮ್ಮೊಬ್ರ ಭಾರ ತಡೆಯಲ್ವಾ ಅದು!"

"ಆ ಕಡೆ ಅಡ್ಡ ಏನಾದ್ರೂ ಕಟ್ಟಿ, ಕೆಳಗಿನ ರೋಡಿಗೆ ಜೀಪು ತಗೊಂಡು ಬಾ" ಎಂದೆ.

ಈ ತುದಿಗೆ ಮೇಸ್ತ್ರಿ ಬಿದಿರು ಕಟ್ಟಿದ. ನಾನು ಹೆಂಗಸರ ಹಿಂದೆ, ಕೆಳಗಿನ ರೋಡಿಗೆ ಹೋಗುವ ಸುತ್ತುದಾರಿಯ ಹುಲ್ಲಿಗೆ ಇಳಿದೆ. ಹತ್ತು ಹೆಜ್ಜೆಗೇ ಕಾಲುಚೀಲದೊಳಗೆ ಏನೋ ತಣ್ಣಗೆ ಹರಿದಾಡಿತು. ಹಿರಿಯಾಕೆ ತಿರುಗಿ ನೋಡಿ, ಸಂಚಿಯಿಂದ ಹೊಗೆಸೊಪ್ಪು ಮುರಿದು ಕೊಟ್ಟಳು.

"ಉಂಬಳಕ್ಕೆ ತಿಕ್ಕಿ ಸಾರ್. ಇನ್ನೂ ಮುಕ್ಕಾಲು ಮೈಲಿ ಇದೆ."